ಕಾನೂನಿನ ಸಂದಿಯಲ್ಲಿ ಇಳಿಯುವ ವಿಮಾನ

2024ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೊಸ ನಿಯಮವೊಂದನ್ನು ಪ್ರಕಟಿಸಿತು. ವಿಮಾನ ರದ್ದಾದರೆ, ಇಲ್ಲವೇ ದೇಶದೊಳಗಿನ ಹಾರಾಟ ಮೂರು ಗಂಟೆ, ಹೊರದೇಶದ್ದು ಆರು ಗಂಟೆ ತಡವಾಗಿ ಪ್ರಯಾಣಿಕರು ಈ ಪ್ರಯಾಣವೇ ಬೇಡವೆಂದರೆ, ಟಿಕೆಟಿನ ಹಣ ತಾನಾಗಿಯೇ ಅವರಿಗೆ ಮರಳಬೇಕು. ಅರ್ಜಿ, ಫೋನು, ಗೋಗರೆತ ಯಾವುದೂ ಬೇಡ. ಕೆಲವೇ ದಿನಗಳಲ್ಲಿ ಸಂಸತ್ತಿನ ಎರಡೂ ಸದನಗಳ ಮುಖಂಡರು ಕೂತು ಒಪ್ಪಿಕೊಂಡ ವಿಮಾನಯಾನ ಮಸೂದೆ ಹೊರಬಂತು. ಸಾವಿರ ಪುಟ ದಾಟಿದ ಆ ಮಸೂದೆಯ ಒಳಗೊಂದು ಕಡೆ, ಹಣ ವಾಪಸು ಬೇಕಾದವರು ಲಿಖಿತವಾಗಿ ಕೇಳಿಕೊಳ್ಳಬೇಕು ಎಂಬರ್ಥದ ಮಾತು ಕೂತಿತ್ತು.

ಮಗುವನ್ನು ಎತ್ತಿಕೊಂಡು ನಿಲ್ದಾಣದಲ್ಲೇ ರಾತ್ರಿ ಕಳೆದವರಲ್ಲಿ ಎಷ್ಟೋ ಜನ ಆಮೇಲೆ ಅರ್ಜಿ ಬರೆಯಲು ಹೋಗುವುದಿಲ್ಲ. ಬರೆಯದವರ ಹಣ ಸಂಸ್ಥೆಯಲ್ಲೇ ಉಳಿಯುತ್ತದೆ. ಆ ಮಾತನ್ನು ಯಾರು ಸೇರಿಸಿದರೆಂದು ಮಸೂದೆ ಹೇಳುವುದಿಲ್ಲ. ಲಾಭ ಯಾರಿಗೆಂದು ತಿಳಿಯಲು ಮಾತ್ರ ವಕೀಲರು ಬೇಕಿಲ್ಲ. ಎಲಿಜಬೆತ್ ವಾರೆನ್ ಮತ್ತು ಜಾಶ್ ಹಾಲಿ, ಪರಸ್ಪರ ಮುಖ ನೋಡದಂಥ ಎರಡು ಪಕ್ಷಗಳ ಸೆನೆಟರುಗಳು, ಈ ಒಂದು ವಿಷಯಕ್ಕೆ ಜೊತೆಯಾಗಿ ಗಲಾಟೆ ಎಬ್ಬಿಸಿದರು. ಮಾತು ಬದಲಾಯಿತು. ಮೇ 16ರಂದು ಸಹಿ ಬಿದ್ದ ಕಾನೂನಿನಲ್ಲಿ ಹಣ ತಾನಾಗಿಯೇ ಮರಳುತ್ತದೆ.

ಲಾಬಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಪಂಚತಾರಾ ಹೋಟೆಲು, ಕೈ ಬದಲಾಯಿಸುವ ಸೂಟ್‌ಕೇಸು. ಚುನಾವಣಾ ದೇಣಿಗೆ ಅಮೆರಿಕದಲ್ಲೂ ಧಾರಾಳವಾಗಿ ಹರಿಯುತ್ತದೆ, ನಿಜ. ಆದರೆ ವಿಮಾನೋದ್ಯಮದ ಲಾಬಿಯನ್ನು ಬರೀ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಅದರ ಕಸುಬು ನಮಗೆ ಕಾಣುವುದೇ ಇಲ್ಲ. ದೇಶವೇ ಕಣ್ಣಿಟ್ಟು ನೋಡುವ ದೊಡ್ಡ ಮಸೂದೆಗಳಲ್ಲಿ ಈ ಉದ್ಯಮ ಎಷ್ಟೋ ಸಲ ಸೋತಿದೆ. ಅದು ಗೆಲ್ಲುವುದು ಯಾರೂ ಓದದ ಉಪಕಲಮಿನಲ್ಲಿ. ಹೆದರಬೇಕಾದ್ದೂ ಅಲ್ಲೇ.

ಇದಕ್ಕೆ ಅಲ್ಲಿನ ಏರ್ಪಾಡೇ ಅನುಕೂಲ ಮಾಡಿಕೊಟ್ಟಿದೆ. ವಿಮಾನಯಾನದ ಮೇಲ್ವಿಚಾರಣೆ ನೋಡುವ ಎಫ್‌ಎಎ ಸಂಸ್ಥೆಯ ಅಧಿಕಾರವನ್ನು ಕೆಲವು ವರ್ಷಗಳಿಗೊಮ್ಮೆ ಸಂಸತ್ತು ನವೀಕರಿಸಲೇಬೇಕು. ತಪ್ಪಿದರೆ ಕೆಲಸ ನಿಲ್ಲುತ್ತದೆ. 2011ರ ಜುಲೈನಲ್ಲಿ ಹಾಗೇ ಆಗಿ ಸುಮಾರು 4,000 ನೌಕರರು ಎರಡು ವಾರ ಸಂಬಳವಿಲ್ಲದೆ ಮನೆಯಲ್ಲಿ ಕೂತರು, ಟಿಕೆಟ್ ಮೇಲಿನ ತೆರಿಗೆ ವಸೂಲಿಯೂ ನಿಂತಿತು. ತೆರಿಗೆ ನಿಂತರೆ ಟಿಕೆಟ್ ಅಗ್ಗವಾಗಬೇಕಲ್ಲ? ಹೆಚ್ಚಿನ ಸಂಸ್ಥೆಗಳು ಸುಮಾರು ಅಷ್ಟೇ ಮೊತ್ತಕ್ಕೆ ದರ ಏರಿಸಿ ಆ ಹಣವನ್ನು ತಾವೇ ಇಟ್ಟುಕೊಂಡವು. ಅಂತೂ ಈ ನವೀಕರಣದ ಮಸೂದೆ ಪಾಸಾಗಲೇಬೇಕಾದದ್ದು ಎಂದು ಎಲ್ಲರಿಗೂ ಗೊತ್ತು. ಸಂತೆಗೆ ಹೊರಟ ಲಾರಿ ಕಂಡರೆ ಊರಿನವರೆಲ್ಲ ತಮ್ಮದೊಂದು ಮೂಟೆ ಅದಕ್ಕೆ ಹೇರುವ ಹಾಗೆ, ಪ್ರತಿಯೊಬ್ಬರೂ ತಮ್ಮದೊಂದು ಸಾಲನ್ನು ಅದರಲ್ಲಿ ತುರುಕಲು ನೋಡುತ್ತಾರೆ.

ಹಾಗೆ ಹೇರಿದ ಮೂಟೆಗಳಲ್ಲಿ ವಾಷಿಂಗ್ಟನ್ನಿನ ರೇಗನ್ ನಿಲ್ದಾಣದ ಕಥೆ ಎಲ್ಲಕ್ಕಿಂತ ಸ್ವಾರಸ್ಯದ್ದು. ಪೊಟೋಮ್ಯಾಕ್ ನದಿ ದಾಟಿದರೆ ಸಿಗುವ ಈ ನಿಲ್ದಾಣ ಸಂಸತ್ ಭವನಕ್ಕೆ ಅತಿ ಹತ್ತಿರ. ಸಂಸದರ ಕಾರಿಗೆಂದೇ ಅಲ್ಲಿ ಮೀಸಲು ಜಾಗವಿದೆ. ದೂರದ ವಿಮಾನಗಳೆಲ್ಲ ಊರಾಚೆಯ ಡಲ್ಲೆಸ್ ನಿಲ್ದಾಣಕ್ಕೆ ಹೋಗಲಿ ಎಂದು 1966ರಲ್ಲಿ ಇದರ ಸುತ್ತ 650 ಮೈಲಿಯ ಗೆರೆ ಎಳೆದರು. ಕೆಲವು ಊರುಗಳನ್ನು ಬಿಟ್ಟರೆ ಅದರಾಚೆಗೆ ನೇರ ಹಾರಾಟ ಇಲ್ಲ. 1981ರಲ್ಲಿ ಗೆರೆ 1,000 ಮೈಲಿಗೆ ಸರಿಯಿತು. 1986ರಲ್ಲಿ 1,250 ಮೈಲಿಯಾಗಿ, ಟೆಕ್ಸಸ್‌ನ ಡಲ್ಲಾಸ್ ಮತ್ತು ಹ್ಯೂಸ್ಟನ್ ಒಳಗೆ ಬಂದವು. ಅಲ್ಲಿಂದಾಚೆಗೆ ಗೆರೆ ಸರಿಸುವ ಬದಲು ತೂತು ಕೊರೆಯುವ ಪದ್ಧತಿ ಬಂತು. 2000, 2003, 2012, 2024, ಹೀಗೆ ನವೀಕರಣದ ಕಾನೂನು ಬಂದಾಗೆಲ್ಲ ಒಂದಷ್ಟು ವಿನಾಯಿತಿ. 2000ದಲ್ಲಿ ಅದಕ್ಕೆ ಒತ್ತಾಯಿಸಿದ ಜಾನ್ ಮೆಕೇನ್ ಅರಿಜೋನಾದ ಸೆನೆಟರ್, ಸಂಬಂಧಪಟ್ಟ ಸಮಿತಿಯ ಅಧ್ಯಕ್ಷ. ಅರಿಜೋನಾದ ರಾಜಧಾನಿ ಫೀನಿಕ್ಸ್‌ನಿಂದ ರೇಗನ್ನಿಗೆ ನೇರ ವಿಮಾನ ಸಿಕ್ಕಿತು.

ಕೊನೆಯ ಸುತ್ತಿನ ಜಗಳ ಜನರಿಗೂ ಕಂಪನಿಗಳಿಗೂ ನಡುವೆ ನಡೆದದ್ದಲ್ಲ. ಹೊಸ ಹಾರಾಟ ಬೇಕೆಂದು ಒಂದು ಕಡೆ ಡೆಲ್ಟಾ ಸಂಸ್ಥೆ, ಬೇಡವೆಂದು ಇನ್ನೊಂದು ಕಡೆ ಡಲ್ಲೆಸ್‌ನಲ್ಲಿ ನೆಲೆಯೂರಿರುವ ಯುನೈಟೆಡ್. ಇಬ್ಬರ ಬೆನ್ನಿಗೂ ಜನಹಿತದ ಹೆಸರು ಹೊತ್ತ ಕೂಟಗಳು ಹುಟ್ಟಿಕೊಂಡವು. ಒಂದಕ್ಕೆ ರಾಜಧಾನಿಗೆ ಎಲ್ಲರಿಗೂ ಪ್ರವೇಶ ಬೇಕೆಂಬ ಕಾಳಜಿ, ಇನ್ನೊಂದಕ್ಕೆ ಸಣ್ಣ ಊರುಗಳ ನಿಲ್ದಾಣಗಳು ಉಳಿಯಬೇಕೆಂಬ ಕಾಳಜಿ. 2023ರ ಜುಲೈನಲ್ಲಿ ಹೊಸ ಹಾರಾಟಗಳ ತಿದ್ದುಪಡಿ ಕೆಳಮನೆಯಲ್ಲಿ ಬಹಿರಂಗವಾಗಿ ಮತಕ್ಕೆ ಬಂದು 205-229ರಲ್ಲಿ ಬಿದ್ದುಹೋಯಿತು. ಬಿದ್ದದ್ದು ಬಿದ್ದಂತೆ ಇರಬೇಕಿತ್ತು. ಮರುವರ್ಷ ಸೆನೆಟ್ ಸಮಿತಿಯ ಕರಡಿನಲ್ಲಿ ಐದು ಹಾರಾಟಗಳಾಗಿ ಅದು ತಿರುಗಿ ಬಂದಿತ್ತು. ರನ್‌ವೇ ಈಗಾಗಲೇ ತುಂಬಿ ತುಳುಕುತ್ತಿದೆ ಎಂದು ನೆರೆಯ ವರ್ಜೀನಿಯಾದ ಸೆನೆಟರುಗಳಾದ ಮಾರ್ಕ್ ವಾರ್ನರ್, ಟಿಮ್ ಕೇನ್ ಬಡಕೊಂಡರು. ದೇಶದಲ್ಲೇ ಅತಿ ದಟ್ಟಣೆಯ ರನ್‌ವೇ ಅದು. ಅದೇ ಏಪ್ರಿಲ್‌ನಲ್ಲಿ ಅಲ್ಲಿ ಎರಡು ವಿಮಾನಗಳು ಕೂದಲೆಳೆಯಲ್ಲಿ ಪಾರಾಗಿದ್ದವು. ಆ ಐದು ಹಾರಾಟಗಳನ್ನು ಕೈಬಿಡಬೇಕೆಂಬ ಅವರ ತಿದ್ದುಪಡಿ ಮತಕ್ಕೇ ಬರಲಿಲ್ಲ. ಐದು ಹಾರಾಟಗಳನ್ನು ಅಲಾಸ್ಕಾ, ಅಮೆರಿಕನ್, ಡೆಲ್ಟಾ, ಸೌತ್‌ವೆಸ್ಟ್, ಯುನೈಟೆಡ್ ಸಂಸ್ಥೆಗಳಿಗೆ ತಲಾ ಒಂದರಂತೆ ಹಂಚಲಾಯಿತು. ವಿರೋಧಿಸಿದ್ದ ಯುನೈಟೆಡ್ಡಿಗೂ ಪಾಲು ಸಿಕ್ಕಿತು, ಜಗಳ ಮುಗಿಯಿತು.

2025ರ ಜನವರಿ 29ರ ರಾತ್ರಿ ಅದೇ ನಿಲ್ದಾಣದ ಬಳಿ ಪ್ರಯಾಣಿಕ ವಿಮಾನವೊಂದಕ್ಕೂ ಸೇನೆಯ ಹೆಲಿಕಾಪ್ಟರಿಗೂ ಡಿಕ್ಕಿಯಾಗಿ 67 ಜನ ಸತ್ತರು. ಹೊಸ ಐದು ಹಾರಾಟಗಳಿಂದಲೇ ಇದಾಯಿತು ಎಂದರೆ ಸುಳ್ಳು ಹೇಳಿದಂತೆ. ಅದು ಕಾನ್ಸಾಸ್‌ನ ವಿಚಿಟಾದಿಂದ ಬರುತ್ತಿದ್ದ, ಗೆರೆಯೊಳಗಿನ ವಿಮಾನ. ಆದರೆ ಆಮೇಲೆ ತನಿಖಾ ಮಂಡಳಿ ಹೊರಗಿಟ್ಟ ಲೆಕ್ಕ ನೋಡಿ: 2021ರ ಅಕ್ಟೋಬರಿನಿಂದ 2024ರ ಡಿಸೆಂಬರಿನವರೆಗೆ ಅಲ್ಲಿ ವಿಮಾನ, ಹೆಲಿಕಾಪ್ಟರುಗಳು ಬಹಳ ಹತ್ತಿರ ಬಂದದ್ದು 15,214 ಸಲ. ಸಂಸತ್ತು ಯಾರಿಗೆ ಎಷ್ಟು ಹಾರಾಟವೆಂದು ಚೌಕಾಸಿ ಮಾಡುತ್ತಿದ್ದಾಗ ಈ ಅಂಕಿಗಳಲ್ಲಿ ಹೆಚ್ಚಿನವು ಸರ್ಕಾರದ ಕಡತಗಳಲ್ಲೇ ಇದ್ದವು. ಆ ವಿಚಿಟಾ ವಿಮಾನ ಬರಲೆಂದು ವರ್ಷಗಟ್ಟಲೆ ಪ್ರಯತ್ನಪಟ್ಟವರು ಕಾನ್ಸಾಸ್‌ನ ಸೆನೆಟರೇ. ಅಂದರೆ ಲಾಬಿ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. ನಮ್ಮೂರಿಗೊಂದು ವಿಮಾನ ಕೊಡಿ ಎಂದು ಸಂಸದರೂ ಕಂಪನಿಯ ಬಾಗಿಲಿಗೆ ಹೋಗುತ್ತಾರೆ. ಅದರಲ್ಲಿ ಲಂಚವಿಲ್ಲ, ಅಪರಾಧವೂ ಇಲ್ಲ. ಆದರೆ ಹಾಗೆ ಹೋಗಿ ಬಂದವರು ನಾಳೆ ಅದೇ ಕಂಪನಿಗೆ ಇಲ್ಲವೆನ್ನುವುದು ಕಷ್ಟ.

ಸೋಲಿನ ಕಥೆಯನ್ನೂ ಹೇಳಬೇಕು. ಕೆಳಮನೆಯ ಸಾರಿಗೆ ಸಮಿತಿಯ ಅಧ್ಯಕ್ಷರಾಗಿದ್ದ ಬಿಲ್ ಶೂಸ್ಟರ್ ವಾಯುಸಂಚಾರ ನಿಯಂತ್ರಣವನ್ನೇ ಸರ್ಕಾರದಿಂದ ಬಿಡಿಸಿ ಪ್ರತ್ಯೇಕ ನಿಗಮಕ್ಕೆ ಒಪ್ಪಿಸಲು ಹೊರಟರು. ದೊಡ್ಡ ಸಂಸ್ಥೆಗಳ ಒಕ್ಕೂಟ ಬೆನ್ನಿಗಿತ್ತು, 2017ರಲ್ಲಿ ಅಧ್ಯಕ್ಷ ಟ್ರಂಪ್ ಬೆಂಬಲವೂ ಸಿಕ್ಕಿತು. ಸ್ವಂತ ವಿಮಾನವಿದ್ದ ಸಿರಿವಂತರು, ಸಣ್ಣ ವಿಮಾನಗಳ ಪೈಲಟ್‌ಗಳು, ಹಳ್ಳಿಗಾಡಿನ ಸಂಸದರು ಅಡ್ಡ ನಿಂತರು. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದ್ದ ಸಲ್ಲನ್‌ಬರ್ಗರ್ ವಿರೋಧದ ಜಾಹೀರಾತಿಗೆ ಮುಖವಾದರು. 2018ರ ಫೆಬ್ರುವರಿಯಲ್ಲಿ ಶೂಸ್ಟರ್ ಕೈಚೆಲ್ಲಿದರು. ಇದೇ ಶೂಸ್ಟರ್ 2014ರಲ್ಲಿ ತಂದಿದ್ದ ಇನ್ನೊಂದು ಮಸೂದೆಯ ಹೆಸರು ಪಾರದರ್ಶಕ ವಿಮಾನ ದರ ಕಾಯ್ದೆ. ಜಾಹೀರಾತಿನಲ್ಲಿ ತೆರಿಗೆ ಬಿಟ್ಟು ಮೂಲದರವನ್ನಷ್ಟೇ ದೊಡ್ಡದಾಗಿ ತೋರಿಸಲು ಅವಕಾಶ ಕೊಡುವುದು ಅದರ ಸಾರ. ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಅದು ಕೆಳಮನೆಯಲ್ಲಿ ಧ್ವನಿಮತದಿಂದಲೇ ಪಾಸಾಗಿತ್ತು, ಯಾರ ಮತ ಯಾವ ಕಡೆಗೆಂಬ ದಾಖಲೆಯೂ ಇಲ್ಲದೆ. ಸೆನೆಟ್ ಕೈಗೆತ್ತಿಕೊಳ್ಳದೆ ಸತ್ತಿತು.

ಲಾಬಿಯನ್ನೇ ನಿಷೇಧಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು, ಆಗಲೂಬಾರದು. ರೆಕ್ಕೆಯ ಮೇಲಿನ ಮಂಜು, ಪೈಲಟ್‌ನ ನಿದ್ದೆ, ರೇಡಾರಿನ ವಯಸ್ಸು ಇವನ್ನೆಲ್ಲ ಸಂಸದರು ಹುಟ್ಟಿನಿಂದ ತಿಳಿದು ಬಂದಿರುವುದಿಲ್ಲ. ತಿಳಿದವರು ಬಂದು ಹೇಳಬೇಕು. ಅಷ್ಟೇ ಅಲ್ಲ, ಕಂಪನಿಗಳನ್ನು ಮಣಿಸಿದವರೂ ಲಾಬಿ ಮಾಡಿಯೇ ಮಣಿಸಿದ್ದಾರೆ. 2009ರ ಫೆಬ್ರುವರಿ 12ರಂದು ಬಫಲೋ ಬಳಿ ಕೋಲ್ಗನ್ ಸಂಸ್ಥೆಯ ವಿಮಾನ ಬಿದ್ದು 50 ಜನ ಸತ್ತರು. ಸತ್ತವರ ಮನೆಯವರು ಎದೆಗೆ ಫೋಟೊ ಅವುಚಿಕೊಂಡು ಸಂಸತ್ತಿನ ಕಾರಿಡಾರುಗಳಲ್ಲಿ ಅಲೆದು, ಮರುವರ್ಷ ಕಾನೂನು ಮಾಡಿಸಿದರು. ಅದರ ಫಲವಾಗಿ ಸಹಪೈಲಟ್‌ಗೆ ಬೇಕಾದ ಕನಿಷ್ಠ ಹಾರಾಟದ ಅನುಭವ 250 ಗಂಟೆಯಿಂದ 1,500ಕ್ಕೆ ಏರಿತು. ಪ್ರಾದೇಶಿಕ ವಿಮಾನ ಸಂಸ್ಥೆಗಳು ಅದನ್ನು ಸಡಿಲಿಸಲು ನೋಡಿದಾಗೆಲ್ಲ ಈ ಕುಟುಂಬಗಳು ಮತ್ತೆ ಹಾಜರ್. ಇಲ್ಲಿ ಒಂದು ತೊಡಕೂ ಇದೆ. ಬಿದ್ದ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚಿನ ಅನುಭವವಿತ್ತು. ಹಾಗಾಗಿ ಆ ಅಂಕಿ ಅಪಘಾತದ ಕಾರಣಕ್ಕೆ ನೇರ ಮದ್ದಲ್ಲ. ಅದನ್ನು ಬಲವಾಗಿ ಬೆಂಬಲಿಸುವ ಪೈಲಟ್ ಸಂಘಕ್ಕೆ, ಹೊಸಬರು ಸಲೀಸಾಗಿ ಬರದಿದ್ದರೆ ಸಂಬಳದ ಚೌಕಾಸಿಯಲ್ಲಿ ಲಾಭವೂ ಇದೆ. ಆದರೂ ಆ ಕಾನೂನಿನ ಹಿಂದೆ ಯಾರಿದ್ದರು, ಯಾಕಿದ್ದರು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಹದಿನೈದು ವರ್ಷದಿಂದ ಜನ ಅದರ ಮೇಲೆ ವಾದ ಮಾಡಲು ಸಾಧ್ಯವಾಗಿದೆ. 1995ರ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ಲಾಬಿಗಾರರು ಹೆಸರು ನೋಂದಾಯಿಸಬೇಕು. ಯಾರ ಪರವಾಗಿ, ಯಾವ ಮಸೂದೆಗೆ, ಎಷ್ಟು ಖರ್ಚು ಎಂಬುದನ್ನು ಈಗ ಮೂರು ತಿಂಗಳಿಗೊಮ್ಮೆ ಬಹಿರಂಗಪಡಿಸಬೇಕು. ಜರಡಿ ತೂತಿನದೇ, ಆದರೂ ಜರಡಿ.

ನಮ್ಮಲ್ಲಿ ಜರಡಿಯೇ ಇಲ್ಲ. ಭಾರತದಲ್ಲಿ ಲಾಬಿಗೆ ಕಾನೂನಿನ ಒಪ್ಪಿಗೆಯೂ ಇಲ್ಲ, ನೋಂದಣಿಯೂ ಇಲ್ಲ. 2013ರಲ್ಲಿ ಸಂಸದ ಕಲಿಕೇಶ್ ಸಿಂಗ್ ದೇವ್ ತಂದ ಖಾಸಗಿ ಮಸೂದೆ ಎಷ್ಟೋ ಖಾಸಗಿ ಮಸೂದೆಗಳ ದಾರಿ ಹಿಡಿಯಿತು. ಕೆಲವರಿಗಂತೂ ಲಾಬಿಗಾರರೇ ಬೇಕಿರಲಿಲ್ಲ: ಕಿಂಗ್‌ಫಿಶರ್ ವಿಮಾನಗಳು ಹಾರುತ್ತಿದ್ದ ಕಾಲದ ಬಹುಪಾಲು ಅದರ ಮಾಲೀಕರು ಕರ್ನಾಟಕದಿಂದಲೇ ಆರಿಸಿಹೋದ ರಾಜ್ಯಸಭಾ ಸದಸ್ಯರಾಗಿದ್ದರು. ವಿದೇಶಕ್ಕೆ ಹಾರಬೇಕಾದರೆ ಐದು ವರ್ಷದ ಸೇವೆ, 20 ವಿಮಾನ ಇರಬೇಕೆಂಬ ನಿಯಮವಿತ್ತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಶರ್, 2003ರ ಏರ್ ಡೆಕ್ಕನ್ನನ್ನು ಕೊಂಡು ಅದರ ವಯಸ್ಸನ್ನು ತನ್ನದಾಗಿಸಿಕೊಂಡು 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಮುಂದೆ ಅದೇ ನಿಯಮವನ್ನು ಉಳಿಸಲು ಹಳೆಯ ಸಂಸ್ಥೆಗಳ ಒಕ್ಕೂಟ, ಅಳಿಸಲು ಟಾಟಾ ಪಾಲುದಾರಿಕೆಯ ಹೊಸ ಸಂಸ್ಥೆಗಳು ಹಗ್ಗ ಜಗ್ಗಿದವು. 2016ರಲ್ಲಿ ಐದು ವರ್ಷ ಹೋಯಿತು, 20 ವಿಮಾನ ಉಳಿಯಿತು. ಯಾವ ಸಚಿವರ ಕೋಣೆಯಲ್ಲಿ ಯಾರು ಏನು ಹೇಳಿದ್ದರಿಂದ ಈ ಅರ್ಧಂಬರ್ಧ ತೀರ್ಮಾನ ಬಂತು ಎಂಬುದಕ್ಕೆ ನೀವು ನಾನು ತೆರೆದು ನೋಡಬಹುದಾದ ಪುಸ್ತಕ ಯಾವುದೂ ಇಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ. ಇಲ್ಲಿ ಬಹಳಷ್ಟು ನಿಯಮಗಳು ಸಂಸತ್ತಿಗೆ ಹೋಗುವುದೇ ಇಲ್ಲ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಅವನ್ನು ಮಾಡುತ್ತದೆ. 2024ರ ಜನವರಿಯಲ್ಲಿ ಅದು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ರಾತ್ರಿ ಇಳಿಸಬಹುದಾದ ವಿಮಾನಗಳ ಸಂಖ್ಯೆಯನ್ನು ಆರರಿಂದ ಎರಡಕ್ಕೆ ಇಳಿಸಿತು. ಜೂನ್ 1ರಿಂದ ಜಾರಿಯಾಗಬೇಕಿತ್ತು. ಸಂಸ್ಥೆಗಳು ಕಾಲಾವಕಾಶ ಕೇಳಿದವು, ನಿರ್ದೇಶನಾಲಯ ಮಾರ್ಚ್‌ನಲ್ಲೇ ಗಡುವನ್ನು ಕೈಬಿಟ್ಟಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ ಮೇಲೆ 2025ರ ಜುಲೈ ಮತ್ತು ನವೆಂಬರ್ ಎಂದು ಎರಡು ಕಂತು ಗೊತ್ತಾಯಿತು. ಅಷ್ಟು ಸಮಯ ಸಿಕ್ಕಿಯೂ ಇಂಡಿಗೊ ಬಳಿ ಸಾಕಷ್ಟು ಪೈಲಟ್‌ಗಳಿರಲಿಲ್ಲ. ಡಿಸೆಂಬರಿನ ಮೊದಲ ವಾರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಹುಬ್ಬಳ್ಳಿಯ ಆರತಕ್ಷತೆಯೊಂದರಲ್ಲಿ ವಧೂವರರು ಬಾರದೆ, ಹೆತ್ತವರೇ ವೇದಿಕೆಯ ಕುರ್ಚಿಯಲ್ಲಿ ಕೂತು, ಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡದ್ದು ಆಗಲೇ. ಫಲವೇನು? ಸಂಸ್ಥೆಗೆ ರಾತ್ರಿ ಹಾರಾಟದ ನಿಯಮದಿಂದ ಫೆಬ್ರುವರಿ 10ರವರೆಗೆ ವಿನಾಯಿತಿ ಸಿಕ್ಕಿತು. ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಕೈಯಲ್ಲಿದ್ದರೆ ಲಾಬಿ ಮಾಡುವ ಶ್ರಮವೂ ಬೇಡ, ವಿಮಾನ ನಿಲ್ಲಿಸಿದರೆ ಸಾಕು.

ಇನ್ನು ಬೆಂಗಳೂರಿನ ವಿಷಯ. 2004ರ ಜುಲೈನಲ್ಲಿ ದೇವನಹಳ್ಳಿ ನಿಲ್ದಾಣಕ್ಕೆಂದು ಕೇಂದ್ರ ಸರ್ಕಾರ ಸಹಿ ಹಾಕಿದ ಒಪ್ಪಂದದಲ್ಲಿ ಒಂದು ಕಲಂ ಇದೆ: ನಿಲ್ದಾಣ ತೆರೆದ 25 ವರ್ಷದವರೆಗೆ 150 ಕಿಲೋಮೀಟರ್ ದೂರದೊಳಗೆ, ಮೈಸೂರು ಮತ್ತು ಹಾಸನ ಬಿಟ್ಟು, ಬೇರೆ ನಿಲ್ದಾಣ ಬರಕೂಡದು. ಎಚ್‌ಎಎಲ್ ನಿಲ್ದಾಣದ ನಾಗರಿಕ ವಿಮಾನಗಳನ್ನು ನಿಲ್ಲಿಸುವುದೂ ಆ ಒಪ್ಪಂದದ್ದೇ ಮಾತು. ಊರು ಎಚ್ಚೆತ್ತು ಬೀದಿಗಿಳಿದದ್ದು, ಕೋರ್ಟಿಗೆ ಹೋದದ್ದು 2008ರಲ್ಲಿ, ದೇವನಹಳ್ಳಿಯ ರನ್‌ವೇ ಸಿದ್ಧವಾದ ಮೇಲೆ. ಕಲಮಿಗೆ ಆಗಲೇ ನಾಲ್ಕು ವರ್ಷ ವಯಸ್ಸಾಗಿತ್ತು. ಬಂಡವಾಳ ಹಾಕುವವರಿಗೆ ಅಂಥ ರಕ್ಷಣೆ ಬೇಕಿತ್ತು ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅಷ್ಟು ವರ್ಷ ಬೇಕಿತ್ತೆ, ಹತ್ತು ಸಾಲದಿತ್ತೆ ಎಂದು ಕೇಳುವ ಅವಕಾಶ ಮಾತ್ರ ನಗರಕ್ಕೆ ಸಿಗಲಿಲ್ಲ.

ಆ ಗಡುವು 2033ಕ್ಕೆ ಮುಗಿಯುತ್ತದೆ. ಎರಡನೇ ನಿಲ್ದಾಣಕ್ಕೆಂದು ಕನಕಪುರ ರಸ್ತೆಯಲ್ಲಿ, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಜಾಗ ಗುರುತಿಸಿ, 2025ರಲ್ಲಿ ಕೇಂದ್ರದ ತಂಡ ಬಂದು ನೋಡಿಯೂ ಹೋಗಿದೆ. ಅತ್ತ ಹೊಸೂರಿನಲ್ಲಿ ತಮಿಳುನಾಡು ತನ್ನದೇ ನಿಲ್ದಾಣದ ಯೋಜನೆ ಹಾಕಿದೆ. ಜಾಗ ಯಾವುದು, ಭೂಮಿಯ ಬೆಲೆ ಎಷ್ಟಕ್ಕೆ ಏರಿತು ಎಂದು ಈಗ ಎಲ್ಲರ ಬಾಯಲ್ಲೂ ಚರ್ಚೆ. ನಾನು ಕಾಯುತ್ತಿರುವುದು ಒಪ್ಪಂದದ ಕರಡಿಗೆ. ಅದು ಸಹಿಗೆ ಮೊದಲು ವಿಧಾನಸಭೆಯ ಮುಂದೆ ಬರಬೇಕು. ಕರಡು ತಿದ್ದಿಸಲು ಬಂದವರ ಹೆಸರು, ಬಂದ ದಿನ, ಅವರು ಕೇಳಿದ ಬದಲಾವಣೆ ಇಷ್ಟೂ ಅದರ ಜೊತೆಗಿರಬೇಕು. ಇದಕ್ಕೆ ದೆಹಲಿಯಲ್ಲಿ ಲಾಬಿ ಕಾನೂನು ಆಗುವ ತನಕ ಕಾಯಬೇಕಾಗಿಲ್ಲ, ರಾಜ್ಯ ಸರ್ಕಾರದ ಒಂದು ಆದೇಶ ಸಾಕು.