ಯುದ್ಧದ ಸಾಲಕ್ಕೂ ವಾಯಿದೆ ಬರೆಯಲಿ

2022ರ ಮುಂಗಾರಿನಲ್ಲಿ ಹತ್ತಿಗೆ ಗೊಬ್ಬರ ತರಲು ಹೋದೆ. 1,200 ಇದ್ದ ಡಿಎಪಿ ಚೀಲ 1,350 ಆಗಿತ್ತು. ಯಾಕಪ್ಪಾ ಅಂದರೆ ಅಂಗಡಿಯವನು, ‘ಉಕ್ರೇನಿನಲ್ಲಿ ಯುದ್ಧ ಕಣಣ್ಣ’ ಅಂದ. ಕವಲಂದೆಯ ನಮ್ಮ ಮಳೆ ನಂಬಿದ ಹೊಲಕ್ಕೂ ಆ ಯುದ್ಧಕ್ಕೂ ಎತ್ತಣ ಸಂಬಂಧ! ಚೀಲದ ಮೇಲೆ ಕಾಣದ ಖರ್ಚು ಇನ್ನೂ ದೊಡ್ಡದು. ಆ ವರ್ಷ ಕೇಂದ್ರದ ಗೊಬ್ಬರ ಸಹಾಯಧನ 2.5 ಲಕ್ಷ ಕೋಟಿ ದಾಟಿತು. ಅದೂ ನಮ್ಮೆಲ್ಲರ ದುಡ್ಡೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಲೆಕ್ಕ ತಿಳೀತದೆ. ಯುದ್ಧ ಮಾಡುವ ಸರ್ಕಾರಕ್ಕೆ ಮುಖ್ಯವಾಗಿ ಮೂರು ದಾರಿ: ತೆರಿಗೆ ಏರಿಸೋದು, ಸಾಲ ಎತ್ತೋದು, ನೋಟು ಅಚ್ಚು ಹಾಕೋದು. ತೆರಿಗೆ ಕಣ್ಣಿಗೆ ಕಾಣ್ತದೆ, ಜನ ಬೈತಾರೆ. ಉಳಿದೆರಡು ಮೆಲ್ಲಗೆ ಕಚ್ಚುತ್ತವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಬೇಕಾದ ಸಾಮಾನು ಇಲ್ಲಿ ಕೊಂಡು, ಹಣವನ್ನು ಲಂಡನ್ನಿನಲ್ಲಿ ಬಾಕಿ ಬರೆಸಿಟ್ಟರು. ಇಲ್ಲಿ ನೋಟು ಅಚ್ಚಾದವು. 1939ರಲ್ಲಿ ಸುಮಾರು 180 ಕೋಟಿ ಇದ್ದ ಚಲಾವಣೆ 1945ಕ್ಕೆ 1,100 ಕೋಟಿ ಮೀರಿತ್ತು. ಕೂಲಿಯವನ ಕೈಯ ರೂಪಾಯಿ ಸವೆದುಹೋಯ್ತು.

ನಮ್ಮ ಸೀಮೆಯ ಕಥೆ ಇದಕ್ಕಿಂತ ಹಳೇದು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟಿದ್ದಲ್ಲದೆ 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಬೇಕಾಯ್ತು. ಅರ್ಧ ಕೂಡಲೇ, ಉಳಿದದ್ದು ಮೂರು ಕಂತು. ಬಾಕಿಗೆ ಎರಡು ಗಂಡುಮಕ್ಕಳು ಒತ್ತೆ. ಸೊಸೈಟಿಯವರು ಹಸು ಜಫ್ತಿ ಮಾಡೋದನ್ನ ನಾವು ಕಂಡಿದ್ದೇವೆ, ಇಲ್ಲಿ ದೊರೆಯ ಮಕ್ಕಳನ್ನೇ ಕರಕೊಂಡು ಹೋದರು. ಬೊಕ್ಕಸ ಸಾಲದೆ ಸೈನ್ಯದವರಿಂದಲೂ ಪ್ರಜೆಗಳಿಂದಲೂ ಎತ್ತಿದರು.

1799ರಲ್ಲಿ ಟಿಪ್ಪು ಮಡಿದ, ಯುದ್ಧ ಮುಗಿಯಿತು. ಖರ್ಚು ಮುಗಿಯಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದ ಕಂಪನಿ, ತನ್ನ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಬರೆಸಿಕೊಂಡಿತು. ಮಳೆ ಬರಲಿ ಬಿಡಲಿ, ಕಂತು ಕಟ್ಟಬೇಕು. ಮುಂದೆ ಅಮಲ್ದಾರರು ಇಷ್ಟು ಕಂದಾಯ ತಂದೇ ತರ್ತೀವಿ ಅಂತ ‘ಶರತ್ತು’ ಬರೆದುಕೊಟ್ಟರು. ಅದನ್ನು ರೈತನಿಂದಲ್ಲದೆ ಇನ್ನೆಲ್ಲಿಂದ ತಂದಾರು? 1830-31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಕಂಪನಿ ಆಡಳಿತವನ್ನೇ ಕಿತ್ತುಕೊಂಡಿತು. 1881ರಲ್ಲಿ ಅರಸರಿಗೆ ರಾಜ್ಯ ಹಿಂತಿರುಗಿಸುವಾಗಲೂ ಆ ಕಪ್ಪ ಬಿಡಲಿಲ್ಲ, 35 ಲಕ್ಷಕ್ಕೆ ಏರಿಸಿ ಬರೆದುಕೊಂಡರು. ಯುದ್ಧ ನೋಡಿದ ಒಬ್ಬನೂ ಆಗ ಬದುಕಿದ್ದಿರಲಾರ!

ಸೈನ್ಯ ಬೇಡ ಅನ್ನೋನಲ್ಲ ನಾನು. 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ, ಅದರಲ್ಲಿ 1.60 ಲಕ್ಷ ಕೋಟಿ ಪಿಂಚಣಿಗೇ. ಗಡಿ ಕಾದವನ ಪಿಂಚಣಿಗೆ ಯಾರೂ ಹೊಟ್ಟೆಕಿಚ್ಚು ಪಡಬಾರದು. ಆದರೆ ಯುದ್ಧಕ್ಕೆ ಇಳಿಯೋ ದಿನವೇ ಈ ಮುಂದಿನ ಲೆಕ್ಕವನ್ನೂ ಜನರ ಮುಂದೆ ಇಡಬೇಕು.

ಇದು ಆಗದ ಮಾತಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಅಂಚೆಗೆ 5 ಪೈಸೆಯ ಹೆಚ್ಚುವರಿ ಸ್ಟಾಂಪು ಹಾಕಿದರು, ಯಾತಕ್ಕೆ ಅಂತ ಅದರ ಮೇಲೇ ಅಚ್ಚಾಗಿತ್ತು. 1973ರಲ್ಲಿ ತೆಗೆದೂ ಬಿಟ್ಟರು. ನಮ್ಮ ಬೆಳೆಸಾಲದ ಪಾಸ್‌ಬುಕ್ಕಿನಲ್ಲಿ ಅಸಲು, ಬಡ್ಡಿ, ವಾಯಿದೆ ಮೂರೂ ಬರೆದಿರ್ತಾರೆ. ಯುದ್ಧದ ಹೆಸರಲ್ಲಿ ಎತ್ತುವ ಸಾಲಕ್ಕೂ ಸೆಸ್ಸಿಗೂ ಆ ಮೂರನ್ನೂ ಬಜೆಟ್ಟಿನಲ್ಲಿ ಬರೆಯಿರಿ ಅಂತ ನಮ್ಮ ಎಂಪಿಗಳನ್ನು ಓಟು ಕೇಳಲು ಬಂದಾಗಲಾದರೂ ಕೇಳೋಣ.