‘ಭಾಳ ಶಾಣ್ಯಾ’ ಅನ್ನೋರಿಗೆ (ಭಾಗ 4)

ಕ್ಲಾಸಿನ್ಯಾಗ ಒಬ್ಬ ಕೈ ಎತ್ತಿ ‘ಯಾಕ್ರೀ ಸರ್?’ ಅಂದ್ರ ಸಾಕು, ಹಿಂದಿನ ಬೆಂಚಿನಿಂದ ಬರ್ತದ: ‘ಏ, ಭಾಳ ಶಾಣ್ಯಾ ಆಗಬ್ಯಾಡ, ಕುಂದ್ರು!’ ಸರ್ ಅಂದಿದ್ದಲ್ಲ ಇದು, ದೋಸ್ತರು ಅಂದಿದ್ದು. ಎರಡು ಸಲ ಹಂಗ ಅನಿಸಿಕೊಂಡವ ಮೂರನೇ ಸಲ ಕೈ ಎತ್ತಂಗಿಲ್ಲ.

ಅದೇ ಮಂದಿ ಸಂಜೀಕ ‘ಬೆಳಿಗ್ಗೆ 4ಕ್ಕೆ ಎದ್ದರೆ ಜೀನಿಯಸ್’ ರೀಲ್ಸ್ ಸೇವ್ ಮಾಡ್ತಾರ. 4ಕ್ಕೆ ಎದ್ದು ಏನ್ ಮಾಡ್ತೀರಿ? ಮತ್ತದೇ ಗೈಡ್ ಬಾಯಿಪಾಠ.

ನಮ್ಮ ಗುಲ್ಬರ್ಗಾ ತೊಗರಿ ಬೇಳೆಗೆ 2019ರಾಗ ಜಿಐ ಟ್ಯಾಗ್ ಸಿಕ್ಕದ. ಮಟಕಿ ಬಿಟ್ಟು ಅಫಜಲಪುರ, ಜೇವರ್ಗಿ ಕಡೆ ಹೋದ್ರೂ ತೊಗರಿ ಹೊಲನೇ. ‘ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾ: ರೈಜೋಬಿಯಂ’ ಅಂತ ಬರೆದು ಮಾರ್ಕ್ಸ್ ತಗೋತೀರಿ. ಆ ಗಂಟು ಕಣ್ಣಾರೆ ನೋಡಿದವರು ಎಷ್ಟು ಮಂದಿ ಇದ್ದೀರಿ?

ಬಿತ್ತಿ ಒಂದೂವರೆ ತಿಂಗಳಿಗೆ, ಹೊಲದವರನ್ನ ಕೇಳಿ ಒಂದೇ ಒಂದು ಗಿಡ ಮಣ್ಣು ಸಮೇತ ಅಗೆದು ತೆಗೀರಿ. ಜಗ್ಗಬ್ಯಾಡ್ರಿ, ಗಂಟು ಉದುರ್ತಾವ. ನೀರಾಗ ತೊಳೆದು, ಒಂದು ಗಂಟು ಉಗುರಿನಿಂದ ಸೀಳ್ರಿ. ಒಳಗ ನಸುಗೆಂಪು ಇದ್ರ ಅದು ಗಾಳಿಯ ಸಾರಜನಕ ಹಿಡೀಲಿಕತ್ತದ ಅಂತ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದೂರದ ಬಳಗ! (ಗೈಡಿನ್ಯಾಗ ಹುಡುಕಬ್ಯಾಡ್ರಿ.)

ಗಿಡಕ್ಕ ರಕ್ತದ ಬಣ್ಣ ಯಾಕ ಬೇಕಾತು? ಒಳಗ ಬೆಳ್ಳಗಿದ್ರ ಏನರ್ಥ? ಬಾಜೂ ಹೊಲದ ಜ್ವಾಳದ ಬೇರಿಗೆ ಇಂಥ ಗಂಟು ಯಾಕಿಲ್ಲ?

ನೋಟ್‌ಬುಕ್ಕಿನ ಕೊನೇ ಹಾಳ್ಯಾಗ ದಿನಾ ಇಂಥದೊಂದು ಪ್ರಶ್ನೆ ಬರೀರಿ. ನಾಳೆ ಯಾರರೇ ಎದ್ದು ಕೇಳಿದ್ರ, ಹಿಂದಿನ ಬೆಂಚಿನವರೇ, ಬಾಯಿ ಮುಚ್ಚಿಕೊಂಡು ಕುಂದ್ರ್ರಿ. ಉತ್ತರ ನಿಮಗೂ ಗೊತ್ತಿಲ್ಲ.

#ಮಟಕಿ #ಆಳಂದ #ತೊಗರಿ