ಕಪ್ಪೇ ಒರೆಗಲ್ಲು

ಮನೆಗೆ ಟೆಲಿವಿಷನ್ ಕೊಳ್ಳುವ ಸಂದರ್ಭ ಬಂದಾಗ ಹಿರಿಯರು ಕಾಲೇಜಿನಲ್ಲಿ ಓದುವ ಮಗನನ್ನೋ ಮಗಳನ್ನೋ ಅಂಗಡಿಗೆ ಕರೆದೊಯ್ಯುವುದುಂಟು. ವಿಜ್ಞಾನ ಓದಿದವರಿಗೆ ಇದೆಲ್ಲ ತಿಳಿದಿರುವುದೆಂಬ ನಂಬಿಕೆ ಅವರದು. ತಿಂಗಳುಗಟ್ಟಲೆ ಕೂಡಿಟ್ಟ ಹಣದ ಮಾತಾದುದರಿಂದ ಆ ನಂಬಿಕೆಗೆ ನಾವು ತಕ್ಕವರಾಗಬೇಡವೆ? ಆದರೆ ಅಂಗಡಿಯಲ್ಲಿ ನಾವು ಮಾಡುವುದೇನು? ಸಾಲಾಗಿ ನಿಂತ ಪರದೆಗಳಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿ, ಪೆಟ್ಟಿಗೆಯ ಮೇಲೆ ‘4ಕೆ’, ‘ಸ್ಮಾರ್ಟ್’ ಎಂಬ ಮುದ್ರೆಗಳನ್ನು ಕಂಡು ತೃಪ್ತರಾಗುತ್ತೇವೆ. ಸ್ಮಾರ್ಟ್ ಎಂಬುದು ಅಂತರ್ಜಾಲಕ್ಕೆ ಸಂಬಂಧಿಸಿದ ಗುಣ, ಚಿತ್ರದ ಗುಣವಲ್ಲ. ಉಳಿದ ಎರಡನ್ನು ಪರಿಶೀಲಿಸೋಣ.

ಮೊದಲು 4ಕೆ ವಿಚಾರ. 43 ಅಂಗುಲದ ಪರದೆಯ ಅಗಲ ಸುಮಾರು 95 ಸೆಂಟಿಮೀಟರು. ಅಡ್ಡಸಾಲಿನಲ್ಲಿ 3840 ಬಿಂದುಗಳಿದ್ದರೆ ಒಂದೊಂದರ ಅಗಲ ಕಾಲು ಮಿಲಿಮೀಟರು. 1920 ಇದ್ದರೆ ಅರ್ಧ ಮಿಲಿಮೀಟರು. ಆರೋಗ್ಯವಂತ ಕಣ್ಣು ಬೇರ್ಪಡಿಸಿ ಕಾಣಬಲ್ಲ ಕೋನ ಸುಮಾರಾಗಿ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು. ಲೆಕ್ಕಮಾಡಿದರೆ, ಅರ್ಧ ಮಿಲಿಮೀಟರಿನ ಬಿಂದುಗಳೇ 1.7 ಮೀಟರಿನಾಚೆ ಒಂದರಲ್ಲೊಂದು ಬೆರೆತುಹೋಗುತ್ತವೆ. ಎರಡೂವರೆ ಮೀಟರು ದೂರದಲ್ಲಿ ಕುಳಿತು ನೋಡುವವರಿಗೆ ಹೆಚ್ಚಿನ ಬಿಂದುಗಳಿಂದಾಗುವ ಲಾಭ ಅತ್ಯಲ್ಪ.

ಇನ್ನು ಹೊಳಪು. ಅಗ್ಗದ ಎಲ್‌ಇಡಿ ಟೆಲಿವಿಷನ್ನಿನಲ್ಲಿ ಎಲ್‌ಇಡಿ ಎಂಬುದು ಹಿಂದಿನ ದೀಪ ಮಾತ್ರ. ಚಿತ್ರವನ್ನು ಮೂಡಿಸುವುದು ಅದರ ಮುಂದಿರುವ ದ್ರವಸ್ಫಟಿಕದ ಪದರ. ಎರಡು ಧ್ರುವೀಕರಣ ಹಾಳೆಗಳ ನಡುವೆ ನಿಂತು ಅದು ಕಿಟಕಿಯ ಬಾಗಿಲಿನಂತೆ ಬೆಳಕನ್ನು ಬಿಡುತ್ತದೆ, ತಡೆಯುತ್ತದೆ. ಆದರೆ ಈ ಬಾಗಿಲು ಪೂರ್ತಿಯಾಗಿ ಮುಚ್ಚದು. ಐಪಿಎಸ್ ಎಂಬ ಬಗೆಯ ಪರದೆಯಲ್ಲಿ, ಬಿಳಿಯ ಭಾಗದಿಂದ ಬರುವ ಬೆಳಕಿನ ಸುಮಾರು ಸಾವಿರದಲ್ಲೊಂದು ಪಾಲು ಕಪ್ಪಿನ ಮೂಲಕವೂ ಸೋರುತ್ತದೆ. ವಿಎ ಎಂಬ ಬಗೆಯಲ್ಲಿ ಸೋರಿಕೆ ಸುಮಾರು ಮೂರು ಸಾವಿರದಲ್ಲೊಂದು. ಆದರೆ ಪಕ್ಕದಿಂದ ನೋಡಿದರೆ ಅದರ ಬಣ್ಣಗಳು ಪೇಲವವಾಗುವುವು. ಅಂಗಡಿಯ ಪ್ರಖರ ಬೆಳಕಿನಲ್ಲಿ ಸೋರಿಕೆ ಕಣ್ಣಿಗೆ ಬೀಳದು. ಭೌತವಿಜ್ಞಾನ ಬೋಧಿಸುವ ನಾವೂ ಒಮ್ಮೆ ಹೀಗೆಯೇ ಮೋಸಹೋದೆವು. ಮನೆಯಲ್ಲಿ ರಾತ್ರಿ ದೀಪವಾರಿಸಿ ಚಲನಚಿತ್ರ ನೋಡಲು ಕುಳಿತಾಗ, ಕಾರಿರುಳೆಲ್ಲ ಬೂದಿಯ ಬಣ್ಣಕ್ಕೆ ತಿರುಗಿದ್ದಿತು!

ಆದುದರಿಂದ ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಸೂಚನೆ ಇಷ್ಟೆ. ಅಂಗಡಿಯವರ ಕಣ್ಣುಕೋರೈಸುವ ಪ್ರದರ್ಶನಚಿತ್ರವನ್ನು ನಿಲ್ಲಿಸಿ, ಸಿನಿಮಾ ಮೋಡಿಗೆ ಬದಲಾಯಿಸಿ, ಇರುಳಿನ ದೃಶ್ಯವೊಂದನ್ನು ಹಾಕಿಸಿರಿ. ಸಾಧ್ಯವಾದರೆ ಹತ್ತಿರದ ದೀಪಗಳನ್ನು ಆರಿಸಲು ಕೇಳಿರಿ. ಕಪ್ಪು ಕಪ್ಪಾಗಿದೆಯೆ? ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದಾಗ ಬಣ್ಣ ಉಳಿದಿದೆಯೆ? ಮನುಷ್ಯರ ಮುಖ ಮನುಷ್ಯರ ಮುಖದಂತೆಯೇ ಇದೆಯೆ?

ಅಗ್ಗದ ವಸ್ತುವಿಗೆ ಇಷ್ಟೊಂದು ಪರೀಕ್ಷೆಯೇಕೆಂದು ಕೆಲವರು ಕೇಳಬಹುದು. ಅಗ್ಗದ್ದಾದುದರಿಂದಲೇ ಎಂಬುದು ನಮ್ಮ ಉತ್ತರ. ಸಿರಿವಂತನು ತನ್ನ ತಪ್ಪನ್ನು ಮರುವರ್ಷ ತಿದ್ದಿಕೊಂಡಾನು. ಉಳಿತಾಯದ ಹಣದಿಂದ ಕೊಂಡವನ ತಪ್ಪು ಬಹುಕಾಲ ಅವನ ಮನೆಯ ಗೋಡೆಯ ಮೇಲೆಯೇ ಇರುವುದು. ಚಿನ್ನವನ್ನು ಪರೀಕ್ಷಿಸುವ ಅಕ್ಕಸಾಲಿಗನು ಅದರ ಹೊಳಪನ್ನು ನಂಬದೆ ಕರಿಯ ಕಲ್ಲಿಗೆ ಉಜ್ಜಿ ನೋಡುತ್ತಾನೆ. ಟೆಲಿವಿಷನ್ನಿಗೂ ಒರೆಗಲ್ಲು ಕಪ್ಪೇ.